ಹೆರೆಯದೆ ಬಿಟ್ಟ ಮಣ್ಣು

ಮತ್ತೆ ಉದುರಿತು, ಒಂದು ಚಿಟಿಕೆಯಷ್ಟು ಮಣ್ಣು, ಕೂಸಿನ ಕುಲಾಯಿಯ ಮೇಲೆ, ಅಕ್ಕನ ಮಗಳು ನಾಗರತ್ನಾ ಊದಿ ತೆಗೆದಳು, ಬೆಳಿಗ್ಗಿನಿಂದ ಹಿಂಗೇ ಉದುರಾಕತ್ತದ ನೋಡು ಮಾಮಾ, ಅವ್ವ ಇಲಿ ಅಂತಾಳ — ಇಲಿಯೇ ಆಗಿರಲಪ್ಪ, ಇಲಿಯಾಗಿದ್ದರೆ ಒಂದು ಬೆಕ್ಕು ತಂದುಬಿಟ್ಟು ಜೇವರ್ಗಿಗೆ ವಾಪಸು ಹೋಗಿಬಿಡುತ್ತೇನೆ, ಮೊಬೈಲಿನ ಟಾರ್ಚು ಮೇಲೆ ಹಿಡಿದರೆ ಲೋಬಾನದ ಹೊಗೆ ಬಿಟ್ಟು ಬೇರೇನೂ ಕಾಣದು, ಕಿಟಕಿಯೇ ಇಲ್ಲದ ಕೋಣೆ, ಬಾಣಂತಿಗೆ ಗಾಳಿ ತಾಗಬಾರದೆಂದು ಬಾಗಿಲಿಗೂ ಕಂಬಳಿ, ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಕಣ್ಣು ಉರಿ, ಹೊಗೆ ಸರಿದಾಗ ತೊಲೆ ಕಂಡಿತು, ಸಾಗವಾನಿ ತೊಲೆ, ನನ್ನ ತೊಡೆಯಷ್ಟು ದಪ್ಪ, ಅದರ ನಟ್ಟನಡುವೆ ಕೆಳಮೈಯಲ್ಲಿ ಒಂದು ಬಿರುಕು, ಸ್ಟೂಲು ಹತ್ತಿ ಉಗುರು ಹಾಕಿದೆ, ಪೂರ್ತಿ ಒಳಗೆ ಹೋಯಿತು, ಒಳಗಿನ ಮರ ಇನ್ನೂ ಜೋಳದ ರೊಟ್ಟಿಯ ಬಣ್ಣದ್ದು, ಹಳೆಯ ಬಿರುಕಾಗಿದ್ದರೆ ಇಷ್ಟು ವರ್ಷದ ಹೊಗೆಗೆ ಕಪ್ಪಾಗಿರುತ್ತಿತ್ತು, ಇದು ಮೊನ್ನೆ ಮೊನ್ನೆಯದು, ಅಯ್ಯೋ ದೇವರೇ, ಸರಿಯಾಗಿ ಹೊರಸಿನ ಮೇಲೆಯೇ. ಏನಾತು ಮಾಮಾ ಅಂದಳು. ಏನಿಲ್ಲವಾ ಅಂದೆ, ಸ್ಟೂಲಿನಿಂದ ಇಳಿದೆ, ಕೂಸು ಆಕಳಿಸಿ ಮತ್ತೆ ಮಲಗಿತು.

ಎಷ್ಟು ತೂಕವಿರಬೇಕು ಮೇಲೆ — ನನಗೆ ಬರುವುದು ಇದೊಂದೇ ಕೆಲಸ, ಮನೆ ಅಂದರೆ ಜನಕ್ಕೆ ಬಣ್ಣ, ಟೈಲ್ಸು, ಎಲಿವೇಶನ್ನು, ನನಗೆ ಬರೀ ತೂಕ, ಮೇಲಿನದೆಲ್ಲ ಒಂದಲ್ಲ ಒಂದು ದಾರಿಯಿಂದ ನೆಲಕ್ಕೆ ಇಳಿಯಲೇಬೇಕು, ಯಾವುದರ ಮೇಲೆ ಕಾಲಿಟ್ಟು ಇಳಿಯುತ್ತದೆ ಅನ್ನುವುದಷ್ಟೇ ಪ್ರಶ್ನೆ, ಅಲುಗದೆ ಕೂತದ್ದು ಡೆಡ್ ಲೋಡು, ಬಂದು ಹೋಗುವುದು ಲೈವ್ ಲೋಡು, ಇವತ್ತು ಬೆಳಿಗ್ಗೆಯಷ್ಟೇ ಅಫಜಲಪುರದ ಮಂಗಲ ಕಾರ್ಯಾಲಯಕ್ಕೆ ಕುಣಿಯುವ ಜನರ ತೂಕ ಹಿಡಿದು ಸ್ಲ್ಯಾಬು ದಪ್ಪ ಮಾಡಿಸಿ ಬಂದೆ, ಮಾಲಕ ಗೊಣಗಿದ, ಅಷ್ಟ್ಯಾಕ್ರಿ ಸಾಹೇಬ್ರ, ನಮ್ ಮಂದಿ ಅಷ್ಟೇನ್ ಕುಣಿಯಂಗಿಲ್ರಿ, ಡಿಜೆ ಹಚ್ಚಿದ ಕೂಡಲೇ ಮೊದಲು ಕುಣಿಯುವವನೇ ಅವನು, ಗೊತ್ತಿಲ್ಲವೇ ನನಗೆ — ಈ ಮಣ್ಣಿನ ಮಾಳಿಗೆಗೆ ಯಾರು ಲೆಕ್ಕ ಹಿಡಿದಿದ್ದರು, ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಣ್ಣು, ಮಣ್ಣಿನದೇ ಎಲ್ಲ ಭಾರ, ಪಡಸಾಲೆಗೆ ಬಂದು ಬೆಳಕಿಂಡಿಯ ಕೊರಳಿಗೆ ಟೇಪು ಹಿಡಿದೆ, ಮಾಳಿಗೆ ಎಷ್ಟು ದಪ್ಪ ಅನ್ನುವುದು ಅಲ್ಲಿ ಮಾತ್ರ ಕಾಣುತ್ತದೆ, ಒಂದು ಗೇಣು ಇರಬೇಕಿತ್ತು, ಅಕ್ಕನ ಗಂಡ ಚಂದ್ರಾಮಪ್ಪ ಮಾವ ಇದ್ದಷ್ಟು ದಿನ ಒಂದೇ ಗೇಣು ಇತ್ತು, ಈಗ ಒಂದೂವರೆ ಗೇಣು, ಟೇಪು ಮಡಚಿ ಮತ್ತೆ ಬಿಚ್ಚಿ ಹಿಡಿದೆ, ಒಂದೂವರೆಯೇ, ಅಂದರೆ ಆ ಕೋಣೆಯ ಮೇಲೆ ಆರು ಟನ್ನಿಗೂ ಮಿಕ್ಕು, ಅದರಲ್ಲಿ ಎರಡು ಟನ್ನು ಹೊಸದು, ಒಣಗಿದ್ದಾಗ ಇಷ್ಟು, ನೆನೆದರೆ ಇನ್ನೂ ಹೆಚ್ಚು, ಬಾಗಿಲಾಚೆ ಅಕ್ಕಲಕೋಟೆಯ ದಿಕ್ಕಿಗೆ ಮೋಡ ಕಟ್ಟುತ್ತಿದೆ, ಈ ಲೆಕ್ಕದಲ್ಲಿ ಕೆಳಗೆ ಮಲಗಿದವರ ತೂಕವನ್ನು ಯಾರೂ ಹಿಡಿಯುವುದಿಲ್ಲ, ಎಷ್ಟಿದ್ದೀತು ಕೂಸು, ಮೂರು ಕಿಲೋ ಇದ್ದರೆ ಹೆಚ್ಚು.

ಜಾವೀದನಿಗೆ ಫೋನು ಹಚ್ಚಿದೆ, ಸ್ಲ್ಯಾಬಿಗೆ ಆಸರೆ ಕಟ್ಟುವ ಸೆಂಟ್ರಿಂಗಿನವನು, ಆಳಂದದಲ್ಲಿದ್ದಾನೆ, ಇದ್ದಷ್ಟು ಕಬ್ಬಿಣದ ಜಾಕಿ ಹೇರಿಕೊಂಡು ಸರಸಂಬಾಕ್ಕೆ ಬಾರಪ್ಪ, ಈಗಿಂದೀಗಲೇ, ಹೌದ್ರಿ ಸಾಬ್, ಗಾಡಿ ತೆಗ್ದೇರಿ ಅಂದ, ಅವನು ಬರುವ ತನಕ ತೊಲೆ ತಡೆಯಬೇಕಲ್ಲ, ಅಡುಗೆಮನೆಯಲ್ಲಿ ಅಕ್ಕ ಬಾಣಂತಿಯ ಖಾರ ಕುಟ್ಟುತ್ತಿದ್ದಾಳೆ, ಮೆಣಸು, ಶುಂಠಿ, ಕೊಬ್ಬರಿ, ಆ ಒನಕೆಯ ಪ್ರತಿ ಪೆಟ್ಟಿಗೂ ಒಳಕೋಣೆಯಲ್ಲಿ ಮಣ್ಣು ಉದುರುತ್ತಿದೆಯೇನೋ ಅನ್ನಿಸಿ ಕುಟ್ಟಬ್ಯಾಡಕ್ಕಾ ಅಂದೆ, ನಿಲ್ಲಿಸಿ ನೋಡಿದಳು, ಹಣೆಯ ತುಂಬ ಬೆವರು, ಈ ವರ್ಷ ಮಾಳಿಗಿ ಹೆರಿಸಲಿಲ್ಲೇನಕ್ಕಾ — ಅದೇ ತಾನೆ ಕ್ರಮ, ಮಳೆಗಾಲದ ಮುಂಚೆ ಹಳೆಯ ಮಣ್ಣನ್ನು ಮೇಲಿನಿಂದ ಹೆರೆದು ತೆಗೆಯುವುದು, ತೆಗೆದಷ್ಟೇ ನೀರಿಳಿಸದ ಬಿಳಿ ಕರಲು ಮಣ್ಣು ಹೊಸದಾಗಿ ಹಾಕಿ ಬಡಿದು ಸವರುವುದು, ನಾನು ಕಲಬುರಗಿಯಲ್ಲಿ ಓದುವಾಗ ರಜೆಗೆ ಬಂದರೆ ಮಾವ ಊಟಕ್ಕಿಂತ ಮೊದಲು ಕೈಗೆ ಸಲಿಕೆ ಕೊಡುತ್ತಿದ್ದ, ಬಾ ಇಂಜಿನಿಯರ್ ಸಾಹೇಬ, ಪುಸ್ತಕ ಆಮ್ಯಾಲ ಓದು, ಮೊದ್ಲು ಹೆರಿ, ಬಿಸಿಲಲ್ಲಿ ಇಬ್ಬರೂ ಹೆರೆಯುತ್ತ ಬೈದುಕೊಳ್ಳುತ್ತ ನಗುತ್ತ — ಅಕ್ಕ ಒನಕೆ ಗೋಡೆಗೆ ಒರಗಿಸಿದಳು. ಹೆರೀಲಿಲ್ಲ ತಮ್ಮಾ, ಅಂದಳು. ಹ್ವಾದ ವರ್ಷದ ಮಣ್ಣು ಅವ್ರು ಹಾಕಿದ್ದಲ್ಲೋ, ಅವ್ರ ಕೈಯಾಗ ಸವರಿದ್ದು, ಅದನ್ನ ಹೆಂಗ ಹೆರ್ದು ತಿಪ್ಪಿಗಿ ಚೆಲ್ಲಲಿ, ನೀನೇ ಹೇಳು, ಅದಕ್ಕ ಅದರ ಮ್ಯಾಲೇ ಹಾಕಿಸ್ದೆ, ಕೂಸು ಬರೂದಿತ್ತು, ಒಂದ್ ಹನಿ ಸೋರಬಾರದಂತ ನಾಕು ಬಟ್ಟ ದಪ್ಪ ಹೆಚ್ಚಿಗೇ ಹಾಕಿಸ್ದೆ.

ಏನನ್ನಬೇಕು ಇದಕ್ಕೆ, ಹೆರೆಯುವುದು ಮಳೆಗಿಂತ ಮುಂಚಿನ ಕೆಲಸ, ಮಾವ ತೀರಿಕೊಂಡದ್ದು ಹೋದ ದೀಪಾವಳಿಗೆ, ಅವನು ಕೊನೆಗೆ ಸವರಿದ ಮಾಳಿಗೆಯನ್ನು ಅವಳು ಮುಟ್ಟಲಾರದೆ ಹೋದಳು, ಅಷ್ಟೇ, ನಾನಾದರೂ ಮುಟ್ಟುತ್ತಿದ್ದೆನೇ, ಅವನ ಚಪ್ಪಲಿ ಇನ್ನೂ ಕಟ್ಟೆಯ ಮೂಲೆಯಲ್ಲಿವೆ, ಯಾರೂ ಸರಿಸಿಲ್ಲ — ನಾಗರತ್ನಾನ ಹೊರಗ ತರೂಣಕ್ಕಾ, ಬಾಜೂಕ ಸರ್ವರಬೇಗಮ್ಮರ ಮನ್ಯಾಗ ಸ್ಲ್ಯಾಬಿನ ಖೋಲಿ ಅದ, ಎರಡು ದಿನ ಅಲ್ಲಿರಲಿ, ಅಂದೆ, ಮೆತ್ತಗೇ ಅಂದೆ. ಹುಚ್ಚಗಿಚ್ಚ ಹಿಡೀತೇನೋ ನಿನಗ, ತೊಟ್ಟಿಲಕ ಹಾಕೂಕಿಂತ ಮೊದ್ಲ ಬಾಣಂತಿನ ಹೊಸ್ತಿಲ ದಾಟಸ್ತಾರೇನು, ಹಸೀ ಮೈ, ಗಾಳಿ ಹೊಕ್ಕರ ಜನ್ಮ ಪೂರ್ತಿ ಇರ್ತದ, ಇಲಿ ಮಣ್ಣಿಗಿ ಹೆದ್ರಿ ಹಸಗೂಸಿನ ಹೊರಗ ಒಯ್ತಾರಂತ, ಗಂಡಸರು ನಿಮಗೇನ್ ತಿಳೀತದ, ಅನ್ನುತ್ತ ಒನಕೆ ಮತ್ತೆ ಎತ್ತಿದಳು, ಗುಡುಗಿತು, ದೂರದಲ್ಲೇ, ಆದರೂ ಗುಡುಗಿತು, ತೊಲಿ ಬಿರಕ ಬಿಟ್ಟದಕ್ಕಾ ಅಂದೆ, ಅವರು ಎಣ್ಣಿ ಉಣಿಸಿದ ತೊಲಿ ಅದು, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಏನಾಗಂಗಿಲ್ಲ ಅಂದಳು, ಒನಕೆ ಬಿತ್ತು, ಧಡ್, ಆಗ ನನ್ನ ಬಾಯಿಂದ ಬಂತು, ತಡೆಯುವುದರೊಳಗೇ ಬಂತು — ಅವ್ರ ತೊಲಿಗೆ ಏನೂ ಆಗಿರಲಿಲ್ಲಕ್ಕಾ, ನೀ ಹಾಕಿದ ಮಣ್ಣೇ ಅದನ್ನ ಮುರ್ದದ, ನೀ ಹಾಕಿದ್ದು, ಅದು ಈಗ ನಿನ್ನ ಮೊಮ್ಮಗಳ ಮ್ಯಾಲ ಬೀಳತದ. ಒನಕೆ ಕೈಯಲ್ಲೇ ಉಳಿಯಿತು. ಆಮೇಲೆ ಅದನ್ನು ಕೆಳಗಿಟ್ಟು ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಒಂದು ಸಲ, ಇನ್ನೊಂದು ಸಲ, ಕೈಗೆ ಅಂಟಿದ್ದು ಬರೀ ಖಾರವಾದರೆ ಅಷ್ಟು ಒರೆಸಬೇಕಿರಲಿಲ್ಲ, ಎದ್ದು ಕಂಬಳಿ ಸರಿಸಿ ಒಳಗೆ ಹೋಗಿ ಕೂಸನ್ನು ಎದೆಗೆ ಒತ್ತಿಕೊಂಡು ಬಂದಳು, ತಲೆಯ ಮೇಲೆ ಸೆರಗು ಮುಚ್ಚಿ, ಹಿಂದೆ ನಾಗರತ್ನಾ ಕಿವಿಗೆ ಹತ್ತಿ ಇಟ್ಟುಕೊಂಡು ಗೋಡೆ ಹಿಡಿದು.

ಗೆದ್ದಲು ಅನ್ನಬಹುದಿತ್ತಲ್ಲ ನಾನು, ಗೆದ್ದಲು ಹಿಡಿದದ ಅಕ್ಕಾ, ಒಳಗೆಲ್ಲ ಪೊಳ್ಳಾಗೇದ, ಅಷ್ಟೇ ಸಾಕಿತ್ತು, ಅವಳು ಗೆದ್ದಲನ್ನು ಬೈಯುತ್ತ ಹೊರಗೆ ಬರುತ್ತಿದ್ದಳು, ಗೆದ್ದಲಿಗೇನು, ಬೈಸಿಕೊಂಡರೆ ನೋಯುತ್ತದೆಯೇ, ನನ್ನನ್ನು ಟೊಂಕದ ಮೇಲೆ ಹೊತ್ತು ತಿರುಗಿದವಳು, ಎಂಥ ನಾಲಗೆಯಪ್ಪ ನನ್ನದು, ಜೇವರ್ಗಿಯ ಆಫೀಸಿನಲ್ಲಿ ಯಾರೋ ಗುತ್ತಿಗೆದಾರನಿಗೆ ಹೇಳಿದ ಹಾಗೆ ಹೇಳಿಬಿಟ್ಟೆ, ಲೆಕ್ಕ ಸರಿ ಇತ್ತು, ಹೌದು, ಸರಿಯೇ ಇತ್ತು, ಸುಡು ಆ ಲೆಕ್ಕವನ್ನು — ಸರ್ವರಬೇಗಮ್ಮ ಬಾಗಿಲಲ್ಲೇ ನಿಂತು, ಬರ್ರಿ ಬರ್ರಿ, ಹಾಸಿಗಿ ಹಾಸೇನಿ, ಕಿಡಕಿ ಮುಚ್ಚೇನಿ ಅಂದು ಕೂಸಿಗೆ ದೃಷ್ಟಿ ತೆಗೆದರು, ಜಾವೀದ ಬಂದ, ಜಾಕಿ ಇಳಿಸಿದ, ಇಬ್ಬರೂ ಸೇರಿ ತೊಲೆಯ ಕೆಳಗೆ ಬಿರುಕಿನ ಎರಡೂ ಮಗ್ಗುಲಿಗೆ ನಿಲ್ಲಿಸಿ ತಿರುವಿದೆವು, ತಿರುವುವಾಗ ತೊಲೆ ಒಂದು ಸಲ ಕಿರ್ರೆಂದಿತು, ಇಬ್ಬರೂ ಬಾಗಿಲಿಗೆ ಓಡಿದೆವು, ಏನೂ ಬೀಳಲಿಲ್ಲ, ಜಾವೀದ ನಕ್ಕ, ನನಗೆ ನಗು ಬರಲಿಲ್ಲ, ಜಾಕಿ ಇವತ್ತಿಗೆ ಸಾಕು, ಮಳೆ ಕುಡಿದ ಮಣ್ಣಿಗೆ ಸಾಲದು, ಮೇಲಿನ ಭಾರ ಇಳಿಸಲೇಬೇಕು, ನಿಚ್ಚಣಿಕೆ ಇಟ್ಟೆ, ಕೆಳಗೆ ಸಲಿಕೆ ಹಿಡಿದುಕೊಂಡು ನಿಂತವಳು ಅಕ್ಕ, ಯಾವಾಗ ಬಂದಳೋ, ಸಲಿಕೆಯನ್ನು ನನ್ನ ಕೈಗೆ ಕೊಟ್ಟಳು, ಮುಖ ನೋಡಲಿಲ್ಲ, ಹೆರಿ ತಮ್ಮಾ, ಅಂದಳು, ನಾ ಹಾಕಿದ್ದಷ್ಟ ಹೆರಿ, ಅವ್ರದು ಇರ್ಲಿ.

ಆಗಲಕ್ಕಾ ಅಂದೆ, ಅಂದುಬಿಟ್ಟೆ, ಹತ್ತಿದೆ, ಗೋಡೆಯ ನೆತ್ತಿಯ ಮೇಲೇ ಕಾಲಿಡುತ್ತ, ತೊಲೆಯ ಕಡೆ ಹೋಗಬಾರದು, ನಾನೂ ಒಂದು ಲೋಡೇ ಈಗ, ಅಂಚಿನಲ್ಲಿ ಸಲಿಕೆಯ ಮೂಲೆ ಹಾಕಿ ಒಂದು ಹೆಂಟೆ ಎತ್ತಿ ನೋಡಿದೆ, ಎಲ್ಲಿ ಅವಳದು ಮುಗಿದು ಮಾವನದು ಶುರುವಾಗುತ್ತದೆ, ಗೆರೆ ಬೇಕಲ್ಲ, ಬಣ್ಣವಾದರೂ ಬೇರೆ ಇರಬೇಕಲ್ಲ, ಒಂದೇ ಹಳ್ಳದ ಮಣ್ಣು, ಒಂದೇ ಬಿಳುಪು, ನೀರು ಚಿಮುಕಿಸಿ ಬಡಿದಾಗ ಎರಡೂ ಕೂಡಿ ಒಂದಾಗಿವೆ, ಇಲ್ಲಿಂದ ಮೇಲೆ ನಿನ್ನದು ಇಲ್ಲಿಂದ ಕೆಳಗೆ ಅವನದು ಅಂತ ಯಾವ ಇಂಜಿನಿಯರನೂ ಹೇಳಲಾರ, ಹೆರೆದರೆ ಇಬ್ಬರದೂ ಹೋಗುತ್ತದೆ, ಹನಿ ಬಿತ್ತು ಕುತ್ತಿಗೆಯ ಮೇಲೆ, ದಪ್ಪ ಹನಿ, ಬೇಗ, ಬೇಗ ಹೆರೆಯಬೇಕು, ಸಲಿಕೆ ಎತ್ತಿದವನು ಕಂಡೆ, ಕೋಣೆಯ ನೆತ್ತಿಯಲ್ಲಿ, ಸವರಿದ ನುಣುಪಿನಲ್ಲಿ, ಎರಡು ಗುಳಿ, ಒಂದರ ಪಕ್ಕ ಒಂದು, ಬಟ್ಟಲಿನಷ್ಟು, ಒಣಗಿ ಗಟ್ಟಿಯಾದವು, ಅವುಗಳ ಮುಂದೆ ಬೆರಳಿನ ಗೀರು, ಅರ್ಧ ಸುತ್ತು, ಮತ್ತೆ ಒಂದು ಮೊಳ ಹಿಂದೆ ಎರಡು ಗುಳಿ, ಮತ್ತೆ ಗೀರು, ಮತ್ತೆ ಎರಡು — ಮೊಣಕಾಲು, ಅಕ್ಕನ ಮೊಣಕಾಲು, ಬಗ್ಗಬಾರದು ಊರಬಾರದು ಅಂತ ಡಾಕ್ಟರು ಹೇಳಿದ ಮೊಣಕಾಲು, ಮಣ್ಣು ಹೊರುವುದಕ್ಕೆ ಆಳು, ಸವರುವುದಕ್ಕೆ ಇವಳೇ, ಅವನು ಸವರಿದ್ದರ ಮೇಲೆ ಬೇರೆ ಯಾರ ಕೈಯೂ ಬೇಡವೆಂದು ಇಡೀ ಮಾಳಿಗೆಯನ್ನು ಮೊಣಕಾಲೂರಿ, ಇಷ್ಟಿಷ್ಟೇ ಹಿಂದೆ ಸರಿಯುತ್ತ ಸವರಿದ್ದಾಳೆ, ಕೆಳಗಿನಿಂದ ಅಕ್ಕ ಕೇಳುತ್ತಿದ್ದಾಳೆ, ಹೆರಿಯಾಕತ್ತೀಯೇನೋ ತಮ್ಮಾ, ಹ್ಞೂಂ ಅಕ್ಕಾ, ಸಲಿಕೆ ಮೇಲೆಯೇ ಇದೆ, ಇಳಿಯಲೊಲ್ಲದು, ಹನಿ ಜೋರಾಯಿತು, ಹೆರೆಯಬೇಕು, ಎಲ್ಲಿಂದ ಹೆರೆಯಲಿ, ಆ ಎರಡು ಗುಳಿ, ಹೆರಿಯಾಕತ್ತೀಯೇನೋ, ನೀರು ತುಂಬುತ್ತಿದೆ ಒಂದರಲ್ಲಿ, ಇನ್ನೊಂದರಲ್ಲಿ, ಆ ಎರಡು ಗುಳಿ, ಮೊಣಕಾಲಿನ ಎರಡು ಗುಳಿ