ಮುಂದೆ ಒಂದಿಂಚು ಉದ್ದ

ಮೂವತ್ತು ವರ್ಷದಿಂದ ಮಕ್ಕಳ ಬಟ್ಟೆ ಹೊಲಿಯುತ್ತಿದ್ದೇನೆ. ಅಳತೆಗೆಂದು ಬಂದು ನೆಟ್ಟಗೆ ನಿಂತ ಪುಟ್ಟ ಮಗುವನ್ನು ಒಂದನ್ನೂ ಕಂಡಿಲ್ಲ. ನಡೆಯಲು ಕಲಿತ ಹೊಸತರಲ್ಲಿ ಕಾಲುಗಳು ಹೊರಕ್ಕೆ ಬಾಗಿರುತ್ತವೆ. ಮೂರು ತುಂಬುವಷ್ಟರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುತ್ತವೆ. ಬೆನ್ನು ಒಳಕ್ಕೆ ಬಾಗಿ ಹೊಟ್ಟೆ ಮುಂದೆ ಬರುತ್ತದೆ. ಆ ಹೊಟ್ಟೆ ಬಟ್ಟೆಯನ್ನು ಎತ್ತುತ್ತದೆಂದೇ ಫ್ರಾಕಿನ ಮುಂಭಾಗವನ್ನು ಹಿಂಭಾಗಕ್ಕಿಂತ ಒಂದಿಂಚು ಉದ್ದ ಕತ್ತರಿಸುತ್ತೇನೆ. ಆಗ ಅಂಚು ಸುತ್ತಲೂ ಸಮನಾಗಿ ಕೂರುತ್ತದೆ.

ಇದೆಲ್ಲ ಸಹಜ ಎಂಬ ನನ್ನ ಮಾತನ್ನು ಬೀದಿಯ ತಾಯಂದಿರೆಲ್ಲ ನಂಬಿದರು, ಹೆತ್ತ ಮಗಳು ಮಾತ್ರ ನಂಬಲಿಲ್ಲ. ಮೊಮ್ಮಗಳು ಪುಟ್ಟಿಗೆ ನಾಲ್ಕಾದಾಗಿನಿಂದ ಮಗಳದು ಒಂದೇ ರಾಗ: "ಹೊಟ್ಟೆ ಒಳಗೆ ಎಳ್ಕೋ, ನೆಟ್ಟಗೆ ನಿಂತ್ಕೋ." ಬೆಳೆಯುತ್ತ ತಾನಾಗಿಯೇ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರೂ ಸಮಾಧಾನವಿಲ್ಲ.

"ನೀನೂ ಹೀಗೇ ನಿಲ್ತಿದ್ದೆ ಕಣೇ."

"ನಿನಗೆ ಎಲ್ಲಾ ತಮಾಷೆ ಅಮ್ಮಾ. ಇವಳು ಹೀಗೇ ಉಳಿದುಬಿಟ್ರೆ?"

ಪಾಪ, ಪುಟ್ಟಿ ಅಮ್ಮನ ಸದ್ದು ಕೇಳಿದರೆ ಸಾಕು, ಉಸಿರು ಬಿಗಿಹಿಡಿದು ಸೆಟೆದು ನಿಲ್ಲುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಮಗಳ ಭಯವೂ ಸುಳ್ಳಲ್ಲವಲ್ಲ ಎಂದು ಬಾಯಿ ಮುಚ್ಚಿಕೊಂಡಿರುತ್ತಿದ್ದೆ.

ಮೊನ್ನೆ ಪುಟ್ಟಿಗೆ ಏಳು ತುಂಬಿತು. ಹೊಸ ಫ್ರಾಕು ಹೊಲಿದೆ. ಸ್ವಂತ ಮೊಮ್ಮಗಳಿಗೆ ಟೇಪು ಹಿಡಿಯುವುದುಂಟೇ ಎಂಬ ಜಂಬ ನನ್ನದು. ಉದ್ದಗಲವೆಲ್ಲ ಕಣ್ಣಂದಾಜು, ಮುಂದೆ ರೂಢಿಯ ಒಂದಿಂಚು. ತೊಡಿಸಿ ಮೇಜಿನ ಮೇಲೆ ನಿಲ್ಲಿಸಿದರೆ ಮುಂದಿನ ಅಂಚು ಜೋತುಬಿದ್ದಿತ್ತು.

"ಏನಮ್ಮಾ ಇದು, ಮೂವತ್ತು ವರ್ಷದ ಕೈ!" ಮಗಳು ಬಿದ್ದು ಬಿದ್ದು ನಕ್ಕಳು.

ಅವಮಾನದಿಂದ ಮುಖ ಕೆಂಪಾಯಿತು. ಪಿನ್ನು ಹಿಡಿದು ಬಗ್ಗಿದವಳು ಹಾಗೇ ನಿಂತುಬಿಟ್ಟೆ. ಪುಟ್ಟಿಯ ಮೊಣಕಾಲುಗಳ ನಡುವೆ ನನ್ನ ಬೆರಳು ಸಲೀಸಾಗಿ ತೂರುವಷ್ಟು ಜಾಗವಿತ್ತು.

"ಇಲ್ಲಿ ನೋಡೇ! ಬಟ್ಟೆ ಎತ್ತೋಕೆ ಹೊಟ್ಟೇನೇ ಇಲ್ಲ!"

ಮಗಳ ನಗು ನಿಂತಿತು. "ಉಸಿರು ಹಿಡ್ಕೊಂಡಿರ್ತಾಳೆ ಅಮ್ಮಾ," ಎಂದಳು ಸಣ್ಣ ದನಿಯಲ್ಲಿ. "ನಾನೇ ತಾನೇ ಕಲಿಸಿದ್ದು."

ನಾನು ಪುಟ್ಟಿಯ ಕಂಕುಳಿಗೆ ಕಚಗುಳಿ ಇಟ್ಟೆ. ಅವಳು ನಕ್ಕು ನಕ್ಕು ಸುಸ್ತಾಗಿ, ಕೈ ಜೋಲುಬಿಟ್ಟು ನಿಂತಳು. ಉಸಿರು ಸಡಿಲಬಿಟ್ಟರೂ ಜೋತುಬಿದ್ದ ಅಂಚು ಇದ್ದಲ್ಲೇ ಇತ್ತು.

ಗೆದ್ದೆನೆಂದು ಬೀಗಿದೆ. ಸುಳ್ಳು ಯಾಕೆ ಹೇಳಲಿ, ಆ ಗುಂಡು ಹೊಟ್ಟೆ ಇನ್ನು ನನ್ನ ಕೈಗೆ ಸಿಗುವುದಿಲ್ಲವಲ್ಲ ಎಂದು ಕರುಳು ಚುರುಕ್ ಎಂದಿತು ಕೂಡ.

ಅಷ್ಟರಲ್ಲಿ ಪುಟ್ಟಿ ಅಮ್ಮನ ಮುಖ ನೋಡಿ ಮತ್ತೆ ಸೆಟೆದಳು. "ಹೊಟ್ಟೆ ಎಳ್ಕೊಳ್ಳಲಾ ಅಮ್ಮಾ?"

ಮಗಳು ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು. "ಬೇಡ ಬಂಗಾರ. ಇನ್ಮೇಲೆ ನಿನಗೆ ಹೇಗೆ ಬೇಕೋ ಹಾಗೆ ನಿಂತ್ಕೋ."

ಪುಟ್ಟಿ ತಕ್ಷಣ ಒಂದು ಕಾಲೆತ್ತಿ ಕೊಕ್ಕರೆಯಂತೆ ನಿಂತಳು. ಆಮೇಲೆ ಸೊಂಟ ಓರೆ ಮಾಡಿ, ಆಮೇಲೆ ತುದಿಗಾಲಲ್ಲಿ. ಆ ಅಂಚಿಗೆ ಗುರುತು ಹಾಕಲು ನನಗೆ ಅರ್ಧ ಗಂಟೆ ಹಿಡಿಯಿತು. ಮಗಳು ಒಮ್ಮೆಯೂ ಗದರಲಿಲ್ಲ.