ಎಲುಬು ಹುಡುಕಿಕೊಂಡು ಹೊರಟ ಸೊಸೆ

ಅಮೆರಿಕದ ಲೂಸಿಯಾನಾದ ಲತಿಯೊಲೆ ಮನೆತನದಲ್ಲಿ ಬೈಸಿಕೊಳ್ಳದವರು ಅಂತ ಯಾರೂ ಇರಲಿಲ್ಲ. ಬೋಳುತಲೆಯವನನ್ನು ಬೋಳುತಲೆಗಾಗಿ, ಗೊರಕೆ ಹೊಡೆಯುವವಳನ್ನು ಗೊರಕೆಗಾಗಿ ಆಡಿಕೊಳ್ಳುವುದು ಅಲ್ಲಿ ದಿನದ ಊಟದಷ್ಟೇ ಸಹಜ. ಪಾದ್ರಿಯಾಗಿದ್ದ ದೊಡ್ಡಪ್ಪನಿಗೂ ವಿನಾಯಿತಿ ಇಲ್ಲ. ಒಬ್ಬೊಬ್ಬರಿಗೂ ಒಂದೊಂದು ಅಡ್ಡಹೆಸರು, ಸತ್ತ ಮೇಲೆ ಸಮಾಧಿಕಲ್ಲಿನ ಮೇಲೂ ಅದೇ ಹೆಸರು. ಆದರೆ ದೂರದ ಮಿನೆಸೋಟಾದಿಂದ ಸೊಸೆಯಾಗಿ ಬಂದು ಎಂಟು ತಿಂಗಳಾಗಿದ್ದ ಸಿಗ್ನೆಗೆ ಮಾತ್ರ ಎಲ್ಲಿಲ್ಲದ ಮರ್ಯಾದೆ. "ಕೂತ್ಕೊಳ್ಳಿ ಸಿಗ್ನೆ." "ಇನ್ನೊಂಚೂರು ಹಾಕ್ಕೊಳ್ಳಿ ಸಿಗ್ನೆ." ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಹತ್ತೊಂಬತ್ತು ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರೆ, ಅವಳೊಬ್ಬಳ ತಟ್ಟೆಯ ಸುತ್ತ ಮಾತ್ರ ಆಸ್ಪತ್ರೆಯ ಮೌನ. ನನ್ನನ್ನೂ ಒಬ್ಬರಾದರೂ ಆಡಿಕೊಳ್ಳಬಾರದೇ ಅಂತ ಅವಳ ಜೀವ ಹಂಬಲಿಸಿತು. ಸೊಸೆಯಾಗಿ ಬಂದವಳನ್ನು ಎಷ್ಟು ದಿನ ಅಂತ ನೆಂಟಳ ಹಾಗೆ ಕೂರಿಸುತ್ತಾರೆ?

ಮರುದಿನ ಶುಕ್ರವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಅಡುಗೆಮನೆಗೆ ಹೋದಳು. ಏನಾದರೂ ಕೆಲಸ ಮಾಡಿ ಅತ್ತೆಯ ಮನಸ್ಸು ಗೆಲ್ಲಬೇಕು. ಉಳಿದಿದ್ದ ಟರ್ಕಿ ಕೋಳಿಯ ಮಾಂಸವನ್ನೆಲ್ಲ ಎಳೆಎಳೆಯಾಗಿ ಬಿಡಿಸಿ ಮೂರು ಡಬ್ಬಿಗೆ ತುಂಬಿದಳು. ಎಲುಬಿನ ಗೂಡನ್ನು ಕಪ್ಪು ಚೀಲಕ್ಕೆ ಹಾಕಿ ಬಿಗಿಯಾಗಿ ಕಟ್ಟಿ, ರಸ್ತೆಬದಿಯ ಕಸದ ತೊಟ್ಟಿಯಲ್ಲಿಟ್ಟು ಬಂದಳು. ಕಟ್ಟೆ ಒರೆಸಿದಳು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಅತ್ತೆ ಝೆನೋಬಿ ಕೂದಲಿಗೆ ಸುತ್ತಿದ ರೋಲರುಗಳೊಂದಿಗೆ ಬಂದು ಫ್ರಿಜ್ಜಿನ ಬಾಗಿಲು ತೆರೆದಳು. ಮೂರೂ ಡಬ್ಬಿಗಳನ್ನು ಸರಿಸಿ ಹಿಂದೆ ನೋಡಿದಳು. ಕೆಳಗಿನ ಖಾನೆಯಲ್ಲೂ ನೋಡಿದಳು.

"ಎಲುಬೆಲ್ಲಿ?"

"ಮಾಂಸ ಎಲ್ಲಾ ಬಿಡಿಸಿಟ್ಟಿದೀನಿ ಝೆನೋಬಿಯವರೇ," ಎಂದಳು ಸಿಗ್ನೆ ಹೆಮ್ಮೆಯಿಂದ. "ಎಲುಬನ್ನ ಕಸಕ್ಕೆ ಹಾಕ್ದೆ."

ಹಬ್ಬಕ್ಕೆ ಗುರುವಾರ ರಜೆ ಹಾಕಿದ್ದ ಕಸದ ಲಾರಿ ಆಗಲೇ ಬಂದುಹೋಗಿ ರಸ್ತೆಯ ತಿರುವಿನಲ್ಲಿತ್ತು. ಅರವತ್ತೆಂಟು ವರ್ಷದ ಝೆನೋಬಿ ನೈಟಿ, ಚಪ್ಪಲಿಯಲ್ಲೇ ಅದರ ಹಿಂದೆ ಓಡಿದಳು. ಲಾರಿ ನಿಲ್ಲಲಿಲ್ಲ.

ಲೂಸಿಯಾನಾದ ಆ ಹೊಳೆದಂಡೆಯ ಊರಿನಲ್ಲಿ ಹಬ್ಬದ ಕೋಳಿಗೆ ನಿಜವಾದ ಬೆಲೆ ಬರುವುದೇ ಮರುದಿನ. ಎಲುಬಿನ ಗೂಡನ್ನು ಮೂರು ಗಂಟೆ ಕುದಿಸಿ ಗಂಬೋ ಅನ್ನುವ ಗಟ್ಟಿ ಸಾರು ಮಾಡಿ ಅನ್ನದ ಮೇಲೆ ಹುಯ್ದುಕೊಂಡು ತಿನ್ನದಿದ್ದರೆ ಅವರ ಪಾಲಿಗೆ ಹಬ್ಬವೇ ಆಗಿಲ್ಲ. ಗುರುವಾರದ ಊಟಕ್ಕೆ ತಪ್ಪಿಸಿಕೊಂಡವರೂ ಶುಕ್ರವಾರ ತಪ್ಪದೆ ಬರುತ್ತಾರೆ.

ಗಂಡ ಕ್ಲೋವಿಸ್ ಕಣ್ಣುಜ್ಜುತ್ತಾ ಬಂದವನು, "ಅದಕ್ಯಾಕಮ್ಮ ಇಷ್ಟು ರಂಪ? ಅಂಗಡಿಯಿಂದ ಒಂದು ಕೋಳಿ ತಂದ್ರಾಯ್ತು," ಎಂದ.

"ಅಂಗಡಿ ಕೋಳಿ ಗಂಬೋನ ಮಾಮೂಲಿ ಮಂಗಳವಾರ ಮಾಡ್ತಾರೆ ಕಣೋ, ಹಬ್ಬದ ಮರುದಿನ ಅಲ್ಲ, ದಡ್ಡ!" ಮಗನಿಗೆ ಸರಿಯಾಗಿ ಬಿತ್ತು. ಆಮೇಲೆ ಅವಳು ಸೊಸೆಯ ಕಡೆ ತಿರುಗಿ ಮೆತ್ತಗೆ, "ಪರವಾಗಿಲ್ಲ ಬಿಡಿ ಸಿಗ್ನೆ. ನಿಮಗೆ ಹೇಗೆ ಗೊತ್ತಾಗ್ಬೇಕು, ಪಾಪ," ಎಂದಳು.

ಆ 'ಪಾಪ' ಸಿಗ್ನೆಯ ಎದೆಗೆ ನಾಟಿತು. ಸೌಟು ಎತ್ತಿ ಎಸೆದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ದೊಡ್ಡ ಪಾತ್ರೆಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಯಾರಿಗೂ ಹೇಳದೆ ನೆರೆಮನೆಗಳಲ್ಲಿ ಎಲುಬು ಕೇಳಲು ಹೊರಟುಬಿಟ್ಟಳು.

ಮೊದಲ ಮನೆಯ ಥಿಯೋಟಿಸ್ಟ್ ಬಾಗಿಲು ಅರ್ಧವೇ ತೆರೆದು, "ಕಾರು ಬೇಕಾ? ತಗೊಂಡ್ಹೋಗಿ. ಎಲುಬು ಮಾತ್ರ ಕೇಳ್ಬೇಡಿ," ಎಂದಳು. ಎರಡನೆಯ ಮನೆಯ ಗೇಟಿನಲ್ಲೇ ಎಲುಬು ಆಗಲೇ ಕುದಿಯುತ್ತಿರುವ ವಾಸನೆ. ಮೂರನೆಯ ಮನೆಯವಳು ಪಾತ್ರೆ ನೋಡಿದ್ದೇ ತಡ, ಹೋಗಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಬಂದಳು.

ಉಳಿದಿದ್ದು ಹೊಳೆಯಂಚಿನ ಓವಿಡ್ ಪಾಟೆನ್ ಮನೆ. ಒಂಬತ್ತು ವರ್ಷದ ಹಿಂದೆ ಚರ್ಚಿನ ಊಟದಲ್ಲಿ ಈ ಮುದುಕ ಗಂಬೋಗೆ ಟೊಮೆಟೊ ಹಾಕಿದ್ದ; ಆ ಊರಿನವರ ಪಾಲಿಗೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಅವತ್ತಿನಿಂದ ಝೆನೋಬಿ ಅವನ ಮನೆಯ ಕಡೆ ತಲೆಹಾಕಿಯೂ ಮಲಗಿರಲಿಲ್ಲ. ಸಿಗ್ನೆಗೆ ಅದು ಗೊತ್ತಿತ್ತು. ಆದರೂ ಮೆಟ್ಟಿಲು ಹತ್ತಿದಳು.

"ನಾನು ಝೆನೋಬಿಯವರ ಸೊಸೆ. ಎಲುಬನ್ನ ಕಸದ ಲಾರಿಗೆ ಹಾಕ್ಬಿಟ್ಟೆ."

ಓವಿಡ್ ಜಗಲಿಯ ಕಂಬ ಹಿಡಿದುಕೊಂಡ. "ಇನ್ನೊಂದ್ಸಲ ಹೇಳಮ್ಮ." ಅವಳು ಹೇಳಿದಳು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಒಳಗಿನಿಂದ ತಟ್ಟೆ ತಂದ. ಪೆಕಾನ್ ಮರದ ಕಟ್ಟಿಗೆಯ ಹೊಗೆಯಲ್ಲಿ ಹದವಾಗಿ ಬೆಂದಿದ್ದ ಕೋಳಿಯ ಗೂಡು, ಮೈಮೇಲೆ ಇನ್ನೂ ಅರ್ಧ ಮಾಂಸವಿತ್ತು. "ಕೊಡ್ತೀನಿ. ಆದ್ರೆ ಎಲುಬು ಎಲ್ಲಿ ಹೋಗುತ್ತೋ ನಾನೂ ಅಲ್ಲಿಗೇ. ಒಬ್ಬನೇ ಕೂತು ತಿಂದು ಸಾಕಾಗಿದೆ."

ಸಿಗ್ನೆ ಲೆಕ್ಕ ಹಾಕಿದಳು. ಇವನನ್ನು ಕರೆದೊಯ್ದರೆ ಅತ್ತೆ ಶಾಶ್ವತವಾಗಿ ಮಾತು ಬಿಟ್ಟರೂ ಬಿಡಬಹುದು. ಆದರೆ ಬರಿಗೈಯಲ್ಲಿ ಹೋದರೆ ಮತ್ತೆ ಅದೇ 'ಪಾಪ'.

"ಬನ್ನಿ," ಎಂದಳು. "ಬೈದ್ರೆ ಇಬ್ರಿಗೂ ಸೇರಿಸಿ ಬೈತಾರೆ."

ಮನೆಯಲ್ಲಿ ಝೆನೋಬಿ ಸುಮ್ಮನಿರಲಾರದೆ ಗಂಬೋಗೆ ಅಂತ ಎಣ್ಣೆಯಲ್ಲಿ ಹಿಟ್ಟು ಹುರಿಯುತ್ತಾ ನಿಂತಿದ್ದಳು. ಬಾಗಿಲಲ್ಲಿ ಓವಿಡ್ ಹ್ಯಾಟು ತೆಗೆದ. ಅವಳು ಅವನನ್ನು ನೋಡಿದಳು, ಪಾತ್ರೆ ನೋಡಿದಳು, ಮೂಗರಳಿಸಿ ಹೊಗೆಯ ವಾಸನೆ ಎಳೆದುಕೊಂಡಳು. ಆಮೇಲೆ ಸಿಗ್ನೆಯ ಕಡೆ ಸೌಟು ಚಾಚಿ ಸಿಡಿದಳು:

"ಏ ಹುಡುಗಿ! ತಲೇಲಿ ಏನಾದ್ರೂ ಇದೆಯೇನೇ ನಿಂಗೆ? ಬೆಳಿಗ್ಗೆ ನನ್ನ ಎಲುಬನ್ನ ಕಸಕ್ಕೆ ಹಾಕ್ದೆ, ಈಗ ಊರಿನ ಕಸಾನ ಮನೆಗೆ ತಂದಿದೀಯ!"

ಸಿಗ್ನೆಗೆ ನಗು ಉಕ್ಕಿ ಬಂತು, ತಡೆಯಲು ಹೋಗಿ ಇನ್ನೂ ಜೋರಾಯಿತು. ಓವಿಡ್ ನಕ್ಕ. ಬೈಯುತ್ತಲೇ ಝೆನೋಬಿಯ ತುಟಿಯೂ ಅದುರತೊಡಗಿತು.

"ನಗ್ತೀಯಾ? ಆ ಎಲುಬನ್ನ ನೀರಿಗೆ ಹಾಕು ಮೊದ್ಲು. ಓವಿಡ್, ಜೇಬಲ್ಲಿ ಟೊಮೆಟೊ ಇದ್ರೆ ಹೊರಗಿಟ್ಟು ಬಾ. ಬಾಗಿಲಲ್ಲೇ ನಿಂತ್ಕೊಂಡು ನೋಡ್ತೀಯೇನು, ಈರುಳ್ಳಿ ಹೆಚ್ಚು!"

ಮಧ್ಯಾಹ್ನದ ಹೊತ್ತಿಗೆ ಇಡೀ ಬಳಗಕ್ಕೆ ಸುದ್ದಿ ಮುಟ್ಟಿತ್ತು. ಒಬ್ಬೊಬ್ಬರು ಕಾರಿನಿಂದ ಇಳಿಯುವಾಗಲೇ ಸಿಗ್ನೆಯನ್ನು ಆಡಿಕೊಳ್ಳುವುದು ಶುರು. ಪಾದ್ರಿ ದೊಡ್ಡಪ್ಪ ತನ್ನ ಹ್ಯಾಟನ್ನು ಎದೆಗೆ ಅವಚಿಕೊಂಡು, "ಇದನ್ನ ಎಲ್ಲಿಡ್ಲಿ? ಕೆಳಗಿಟ್ರೆ ಲಾರಿ ಪಾಲಾಗುತ್ತೆ," ಎಂದ. ಯಾರೋ ಅವಳಿಗೆ 'ಎಲುಬಕ್ಕ' ಅಂತ ಹೆಸರಿಟ್ಟರು, ಎರಡು ನಿಮಿಷದಲ್ಲಿ ಎಲ್ಲರ ಬಾಯಲ್ಲೂ ಅದೇ. ಹೊಗೆಯ ಘಮದ ಗಂಬೋವನ್ನು ಓವಿಡ್ ಮೂರು ಸಲ ಬಡಿಸಿಕೊಂಡ. ಮೂರನೆಯ ಸಲ ಬಡಿಸಿದ್ದು ಝೆನೋಬಿಯೇ.

ಅಷ್ಟರಲ್ಲಿ ಸಿಗ್ನೆಯ ಫೋನು ಹೊಡೆದುಕೊಂಡಿತು. ಮಿನೆಸೋಟಾದಿಂದ ಅಮ್ಮ. ಅವಳು ಜಗಲಿಗೆ ಬಂದಳು.

"ಹಬ್ಬ ಹೇಗಾಯ್ತೇ? ಚೆನ್ನಾಗಿ ನೋಡ್ಕೋತಿದಾರಾ ನಿನ್ನ?"

"ಇಲ್ಲಮ್ಮ!" ಎಂದಳು ಸಿಗ್ನೆ. ಸಂತೋಷ ತಡೆಯಲಾಗಲಿಲ್ಲ ಅವಳಿಗೆ. "ಬೆಳಿಗ್ಗೆಯಿಂದ ಎಲ್ಲರೂ ಬೈತಾನೇ ಇದಾರೆ!"

ಒಳಗಿನಿಂದ ಝೆನೋಬಿಯ ಕೂಗು ಜಗಲಿಯನ್ನೇ ನಡುಗಿಸಿತು: "ಎಲುಬಕ್ಕಾ! ಅನ್ನದ ಪಾತ್ರೆ ಎಲ್ಲೇ? ಅದನ್ನೂ ಲಾರಿಗೆ ಹಾಕಿದ್ಯೇನೇ?"

"ಯಾರೇ ಅದು, ಯಾರನ್ನ ಹಾಗೆ ಕೂಗ್ತಿರೋದು?" ಅಮ್ಮ ಗಾಬರಿಯಾದಳು.

"ಫೋನ್ ಇಡ್ತೀನಮ್ಮ," ಎಂದಳು ಅವಳು. "ನನ್ನನ್ನೇ ಕರೀತಿದಾರೆ."