ಆರನೇ ಬೋನಿನ ಇಲಿಗಳು

ನಮ್ಮಕ್ಕ ಲ್ಯಾಬಲ್ಲಿ ಶುಗರ್ ಕಾಯಿಲೆ ಇರೋ ಆರು ಬೋನಿನ ಇಲಿಗಳಿಗೆ ಮೂರು ತಿಂಗಳು ಅರೆಹೊಟ್ಟೆ ಊಟ ಹಾಕಿದ್ಲು, ಕಮ್ಮಿ ತಿಂದ್ರೆ ಶುಗರ್ ಇಳಿಯುತ್ತಾ ಅಂತ ನೋಡೋಕೆ. ಇವತ್ತು ತೂಗಿದ್ರೆ ಐದು ಬೋನಿನವು ಕುಂಬಳಕಾಯಿ ಥರ ಉಬ್ಬಿವೆ. ಆರನೇದ್ರಲ್ಲಿ ಮಾತ್ರ ತೂಕನೂ ಇಳಿದಿದೆ, ಶುಗರ್ರೂ ಇಳಿದಿದೆ.

ಬೋನು ತೊಳೆಯೋ ಅಜ್ಜ ತಲೆ ಕೆರ್ಕೊಂಡ್ರು. "ಪಾಪ, ಹಸ್ಕೊಂಡು ನನ್ನನ್ನೇ ನೋಡ್ತಿದ್ವು ಕಣಮ್ಮ. ದಿನಾ ಬಿಸ್ಕೆಟ್ ಹಾಕ್ದೆ."

"ನನ್ನ ಕೆಲಸ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲ ಅಜ್ಜಾ. ಆರನೇ ಬೋನಿಗೆ ಯಾಕೆ ಹಾಕ್ಲಿಲ್ಲ?"

"ಅವು ಮೊದಲ್ನೇ ದಿನಾನೇ ಬೆರಳು ಕಚ್ಚಿದ್ವು. ನಂಗೂ ಸಿಟ್ಟು ಬರಲ್ವಾ?"

ಅಕ್ಕ ಕಷ್ಟಪಟ್ಟು ನಗು ತಡ್ಕೊಂಡ್ಲು. "ಒಂದು ಬೋನಾದ್ರೂ ಹೌದು ಅಂತು. ಮತ್ತೆ ಮೊದಲಿಂದ ಶುರು ಮಾಡ್ತೀನಿ. ಈ ಸಲ ಎಲ್ಲಾ ಕಚ್ಚೋ ಇಲಿಗಳೇ."